ಹೊಸ್ತಿಲ ಮುಂದಿನ ಮುಖ

ಖಾನಾಪುರದ ಕಟ್ಟಿಗೆ ಸಾವಕಾರರು ನನಗೆ ಹೇಳಿಕಳಿಸಿದಾಗ ಮಳೆ ಇನ್ನೂ ಪೂರ್ತಿ ಹಿಂದೆ ಸರಿದಿರಲಿಲ್ಲ. ನಾನು ಆಗ ಬೆಳಗಾವಿಯ ಖಾಸಬಾಗದಲ್ಲಿ, ನೇಕಾರರ ಓಣಿಯೊಂದರಲ್ಲಿ ಇದ್ದೆ. ಒಡೆದ ಪಿಂಗಾಣಿ, ಗಾಜು, ಕಲ್ಲಿನ ಚೂರುಗಳನ್ನು ಗಚ್ಚಿನಲ್ಲಿ ಕೂಡಿಸಿ ನೆಲದ ಮೇಲೆ, ಗೋಡೆಯ ಮೇಲೆ ಚಿತ್ರ ಮಾಡುವುದು ನನ್ನ ಕಸುಬು. ಜನ ಅದನ್ನು ತುಕಡಿ ಕೆಲಸ ಎನ್ನುತ್ತಿದ್ದರು. ನವಿಲು, ಕಮಲ, ಬಳ್ಳಿ, ಬಸದಿಯ ಅಂಗಳಕ್ಕೆ ಎಂಟೆಸಳಿನ ಹೂವು, ಕೇಳುತ್ತಿದ್ದದ್ದು ಇಷ್ಟೇ. ಮನುಷ್ಯರ ಮುಖವನ್ನು ಯಾರೂ ಕೇಳಿರಲಿಲ್ಲ.

ಸಾವಕಾರರ ಹೊಸ ಮನೆ ಅವರ ಕಟ್ಟಿಗೆ ಅಡ್ಡೆಯ ಪಕ್ಕದಲ್ಲೇ ಎದ್ದಿತ್ತು. ಸಾಗವಾನಿ ಕಂಬ, ಸಾಗವಾನಿ ಜಂತಿ, ಇನ್ನೂ ಎಣ್ಣೆಯ ವಾಸನೆ ಆರದ ಬಾಗಿಲು. ನೆಲ ಮಾತ್ರ ಬರೀ ಮಣ್ಣು. ಅವರು ಮೆಲ್ಲಗೆ ಮಾತಾಡುವ ಮನುಷ್ಯ. ಆಳುಗಳನ್ನು ಬೈಯುವಾಗಲೂ ದನಿ ಏರುತ್ತಿರಲಿಲ್ಲ. ಒಂದು ಫೋಟೋ ತೆಗೆದು ನನ್ನ ಮುಂದೆ ಇಟ್ಟರು. ಬೆಳಗಾವಿಯ ಸ್ಟುಡಿಯೋದಲ್ಲಿ ತೆಗೆಸಿದ್ದು. ಹದಿನಾರರ ಹುಡುಗಿ, ಹೂದಾನಿಯ ಮೇಲೆ ಕೈಯಿಟ್ಟು, ನಗಬೇಕೋ ಬೇಡವೋ ತಿಳಿಯದೆ ನಿಂತಿದ್ದಳು.

"ನನ್ನ ಮಗಳು. ಹೊಸ್ತಿಲಾ ದಾಟಿದ ಕೂಡಲೆ ಪಡಸಾಲ್ಯಾಗ ಇಕಿ ಮಾರಿ ಬರಬೇಕು. ನೋಡಿದವರಿಗೆಲ್ಲಾ ಗುರುತು ಹತ್ತಬೇಕು."

ಹುಡುಗಿ ತೀರಿಹೋಗಿರಬೇಕು ಎಂದುಕೊಂಡೆ. "ನೆಲದ ಮ್ಯಾಲ ಮನಷ್ಯಾರ ಮಾರಿ ಹಾಕೂದಿಲ್ರಿ ಸಾವಕಾರ್ರ. ಕಾಲು ಬೀಳತಾವು. ಗ್ವಾಡಿಗೆ ಮಾಡಿಕೊಡತೀನಿ, ದೀಪಾ ಇಡಾಕ ಬರತೈತಿ," ಅಂದೆ.

"ನೆಲದ ಮ್ಯಾಲ," ಎಂದರು ಅವರು, ಅಷ್ಟೇ.

ಊರಿನ ದೊಡ್ಡವರಿಗೆ ಒಂದೊಂದು ಹುಚ್ಚು ಇರುತ್ತದೆ. ಯಾರೂ ತುಳಿಯದಂತೆ ಸುತ್ತ ಕಟಾಂಜನ ಹಾಕಿಸುತ್ತಾರೇನೋ ಅಂದುಕೊಂಡು ಕೆಲಸ ಹಿಡಿದೆ.

ಮುಖಕ್ಕೆ ಮೊದಲು ಬೇಕಾದದ್ದು ಮೈಬಣ್ಣ. ನನ್ನ ಹತ್ತಿರ ಇದ್ದ ಪಿಂಗಾಣಿ ಬಹುತೇಕ ಬಿಳಿ, ನೀಲಿ, ಅಂಚಿಗೆ ಒಂದಿಷ್ಟು ಕೆಂಪು ಹೂ. ಕ್ಯಾಂಪಿನ ದೊರೆಗಳ ಅಡುಗೆಮನೆಗಳಿಂದ ಒಡೆದ ಬಶಿಗಳನ್ನು ಬುಟ್ಟಿಗಟ್ಟಲೆ ತರುತ್ತಿದ್ದೆ. ಆದರೆ ಬಿಳಿ ಚೂರಿನಲ್ಲಿ ಮುಖ ಮಾಡಿದರೆ ಅದು ಹೆಣದ ಮುಖವಾಗುತ್ತದೆ. ಗೋದಿ ಬಣ್ಣಕ್ಕಾಗಿ ಉಪ್ಪಿನಕಾಯಿ ಭರಣಿಗಳನ್ನು ಒಡೆದೆ. ಅವುಗಳ ಹೊಟ್ಟೆಯ ಭಾಗ ಹಾಲುಹಳದಿ, ಕತ್ತಿನ ಭಾಗ ಕಂದು. ನಡುವಿನ ಛಾಯೆ ಅಲ್ಲೂ ಸಿಗಲಿಲ್ಲ. ಅದಕ್ಕೆ ಮಲಪ್ರಭೆಯ ದಂಡೆಯಲ್ಲಿ ಕೂತು ಹಳದಿ ಹರಳುಗಳನ್ನು ಆರಿಸಿ, ಇಕ್ಕಳದಿಂದ ಸೀಳಿ, ಒಳಮೈ ಮೇಲೆ ಬರುವಂತೆ ಉಜ್ಜಿದೆ. ಕಣ್ಣಿಗೆ ಕರಿಬಳೆಯ ಗಾಜು.

ಸಣ್ಣ ಚೂರಿನ ಕೆಲಸವನ್ನು ನೇರವಾಗಿ ನೆಲದ ಮೇಲೆ ಮಾಡುವುದಿಲ್ಲ. ದಪ್ಪ ಕಾಗದದ ಮೇಲೆ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ಮಾಡಿ ಬರೆದುಕೊಳ್ಳಬೇಕು. ಚೂರುಗಳನ್ನು ಮುಖ ಕೆಳಗಾಗಿ ಹುಣಸೆಬೀಜದ ಅಂಟಿನಿಂದ ಅದಕ್ಕೆ ಹಚ್ಚಬೇಕು. ಆಮೇಲೆ ಹಾಳೆಯನ್ನು ಹಸಿ ಗಚ್ಚಿನ ಮೇಲೆ ಮಗುಚಿ, ಹಲಗೆಯಿಟ್ಟು ಮೆಲ್ಲಗೆ ಬಡಿದು, ನೀರು ಹಾಕಿ ಕಾಗದ ಸುಲಿದರೆ ಚಿತ್ರ ಸಪಾಟಾಗಿ ಕೂತಿರುತ್ತದೆ. ಅಲ್ಲಿಯವರೆಗೆ ಕಾಣುವುದು ಚೂರುಗಳ ಬೆನ್ನು ಮಾತ್ರ. ಅಡ್ಡೆಯ ಚಪ್ಪರದಡಿ ಕೂತು ಮುಖವನ್ನು ಅರ್ಧಕ್ಕೂ ಹೆಚ್ಚು ಹಚ್ಚಿದೆ.

ಚಿತ್ರ ನೋಡಲು ಒಂದು ದಿನ ಸಾವಕಾರರು ಬಂದರು. ಹಿಂದೆಯೇ ಅವರ ಹೆಂಡತಿ ಚಹದ ತಟ್ಟೆ ಹಿಡಿದು ನಿಂತಿದ್ದರು. ಸಾವಕಾರರು ಕಾಗದದ ಮೇಲಿನ ಗೆರೆಗಳನ್ನು ಫೋಟೋ ಜೊತೆ ಹೋಲಿಸಿ ನೋಡಿ ತಲೆಯಾಡಿಸಿದರು. ಆಮೇಲೆ ಅಂಟು ಕಾಸಲು ನಾನು ಹೂಡಿದ್ದ ಒಲೆಗೆ ಬಗ್ಗಿ, ಆ ಫೋಟೋವನ್ನು ಒಳಗೆ ಹಾಕಿಬಿಟ್ಟರು. ನಾನು ಕೈ ಚಾಚುವಷ್ಟರಲ್ಲಿ ಅದು ಮುದುಡಿ ಕಪ್ಪಾಗಿತ್ತು.

"ಇನ್ನ ಈ ಮನ್ಯಾಗ ಆಕಿ ಇರೂದು ಅಲ್ಲೊಂದ ಕಡೆ, ಕಾಲಾಗ," ಎಂದರು. ಹೇಳಿದ್ದು ನನಗಲ್ಲ, ಹೆಂಡತಿಗೆ. ಆಕೆ ಚಹದ ತಟ್ಟೆಯನ್ನು ನನ್ನ ಪಕ್ಕದಲ್ಲಿಟ್ಟು ಒಳಗೆ ಹೋದರು.

ಸಂಗತಿ ಏನೆಂಬುದನ್ನು ನನ್ನ ಜೊತೆ ಗಾರೆ ಕೆಲಸಕ್ಕಿದ್ದ ಖಾನಾಪುರದ ಗವಂಡಿ ಹೇಳಿದ. ಹುಡುಗಿ ಸತ್ತಿರಲಿಲ್ಲ. ವಯಸ್ಸಾದ ಎರಡನೇ ಸಂಬಂಧದವನಿಗೆ ಕೊಟ್ಟಿದ್ದರು. ಅವನು ಹೊಡೆಯುತ್ತಿದ್ದ. ಅವಳು ತಪ್ಪಿಸಿಕೊಂಡು ತವರಿಗೆ ಬಂದಾಗ ಅಪ್ಪನೇ ಚಕ್ಕಡಿ ಹೂಡಿಸಿ ವಾಪಸು ಬಿಟ್ಟುಬಂದಿದ್ದರು. ಎರಡನೇ ಸಲ ತಪ್ಪಿಸಿಕೊಂಡವಳು ತವರಿಗೆ ಬರದೆ ಬೆಳಗಾವಿಗೆ ಹೋಗಿ, ಹೆಣ್ಣುಮಕ್ಕಳಿಗೆ ಮಾಸ್ತರಕಿ ಕಲಿಸುವ ಸಾಲೆ ಸೇರಿದ್ದಳು.

"ಅದಕ್ಕ ಬಂದವ್ರೆಲ್ಲಾ ಆಕಿ ಮಾರಿ ತುಳದ ಒಳಗ ಹೋಗಬೇಕಂತ," ಎಂದ ಗವಂಡಿ. "ಕಾಯ್ ಕರಾಯ್ಚಂ, ಏನ ಮಾಡೂದು! ಮಾಲಕರ ಮನಿ, ಮಾಲಕರ ಮಗಳು."

ಮರುದಿನ ಬೆಳಿಗ್ಗೆ ಚಪ್ಪರಕ್ಕೆ ಹೋದರೆ ನನ್ನ ಹಾಳೆ ಚಿಂದಿಯಾಗಿತ್ತು. ಮಳೆಗಾಲದ ಇಲಿಗಳಿಗೆ ಹುಣಸೆಬೀಜದ ಅಂಟೆಂದರೆ ಹಬ್ಬದೂಟ. ಕಾಗದವನ್ನು ಪುಡಿ ಮಾಡಿ, ಅಂಟನ್ನು ತಿಂದು, ಚೂರುಗಳನ್ನೆಲ್ಲ ಹಲಗೆಯ ಮೇಲೆ ಹರವಿ ಹೋಗಿದ್ದವು. ಗೆರೆ ಹೋಯಿತು, ಫೋಟೋ ಮೊದಲೇ ಹೋಗಿತ್ತು. ನನಗೆ ಬೇಸರವಾಗಲಿಲ್ಲ, ಬಿಡುಗಡೆಯಾದಂತಾಯಿತು. ಸಾವಕಾರರಿಗೆ ಹೇಳಿದೆ: "ಇನ್ನ ಆಗೂದಿಲ್ರಿ. ನೋಡಿ ಮಾಡಾಕ ಏನೂ ಉಳದಿಲ್ಲ."

"ನೀವು ಮಾಡದಿದ್ರ ಕೊಲ್ಲಾಪುರದಾಗ ಒಬ್ಬಾಂವ ಅದಾನ," ಎಂದು ಅವರು ಅಡ್ಡೆಯ ಕಡೆ ನಡೆದರು.

ಇಕ್ಕಳ, ಉಳಿ, ಕರಣಿ ಎಲ್ಲ ಪೆಟ್ಟಿಗೆಗೆ ತುಂಬುತ್ತಿದ್ದೆ. ಹಿಂದೆ ಬಳೆ ಸದ್ದಾಯಿತು. ಸಾವಕಾರರ ಹೆಂಡತಿ ಮೊರದಲ್ಲಿ ಅಕ್ಕಿ ಹಿಡಿದು ಬಂದಿದ್ದರು. ಹೊರಗಿನ ಗಂಡಸರ ಜೊತೆ ಅವರು ಮಾತಾಡುವ ಪದ್ಧತಿಯಿರಲಿಲ್ಲ. ನನ್ನ ಕಡೆ ನೋಡದೆ, ಚಪ್ಪರದ ಕಂಬಕ್ಕೆ ಒರಗಿ ಕೂತು ಅಕ್ಕಿ ಆರಿಸತೊಡಗಿದರು.

"ಮೇಸ್ತ್ರಿ, ಹೊಂಟ್ರೇನು?"

"ಹೂಂ ರಿ ಅವ್ವಾರ. ಇಂಥಾ ಕೆಲಸ ನನ್ನ ಕೈಲೆ ಬ್ಯಾಡ."

"ನೀವು ಹೋದ್ರ ಆ ಕೊಲ್ಲಾಪುರದಾಂವ ಬರತಾನ. ಆಕಿನ್ನ ಎಂದೂ ನೋಡದಾಂವ. ಯಾವದರ ಒಂದು ಹೆಣ್ಣಿನ ಮಾರಿ ಕೂಡಿಸಿ ಇದ ಆಕಿ ಅಂತಾನ. ತುಳಿಯೂದಂತೂ ತಪ್ಪೂದಿಲ್ಲ." ಮೊರದಿಂದ ಒಂದು ಕಲ್ಲು ಎತ್ತಿ ಆಚೆ ಎಸೆದರು. "ತುಳಿಯೂದ ಖರೇ ಆದ್ರ ಆಕಿ ಮಾರೀನ ಇರ್ಲಿ. ನನಗ ದಿನಾ ನೋಡಾಕರ ಸಿಗತೈತಿ. ಆಕಿದು ಮತ್ತೇನೂ ಉಳಿಸಿಲ್ರಿ ಅವರು. ಸೀರಿ ಸುದ್ದಾ."

"ನೋಡಿ ಮಾಡಾಕ ಫೋಟೋ ಇಲ್ಲಲ್ರಿ."

"ನಾ ಹೇಳತೀನಿ."

ನಾನು ಪೆಟ್ಟಿಗೆಯಿಂದ ಕರಣಿ ತೆಗೆದೆ. ಆ ಮನೆಯಲ್ಲಿ ನಾನು ಮಾಡಿದ ತೀರ್ಮಾನ ಅದೊಂದೇ. ಸರಿಯೋ ತಪ್ಪೋ, ಇವತ್ತಿಗೂ ಹೇಳಲಾರೆ.

ಕಾಗದದ ರೀತಿ ಬಿಟ್ಟು, ನೇರವಾಗಿ ಪಡಸಾಲೆಯ ನೆಲದ ಮೇಲೆಯೇ ಮಾಡಿದೆ. ಇಟ್ಟಿಗೆಪುಡಿ ಬೆರೆಸಿದ ಸುಣ್ಣವನ್ನು ಬೆಲ್ಲದ ನೀರಿನಲ್ಲಿ ಅರೆಸಿ, ಅಂಗೈಯಷ್ಟಗಲ ಮಾತ್ರ ಬಳಿದು, ಅದು ಬಿಗಿಯುವ ಮುಂಚೆ ಅಷ್ಟು ಜಾಗದಲ್ಲಿ ಚೂರು ಕೂಡಿಸಬೇಕು. ತಪ್ಪಿದರೆ ಕೆತ್ತಿ ತೆಗೆದು ಮತ್ತೆ ಬಳಿಯಬೇಕು. ಖಾನಾಪುರದ ತಂಪಿಗೆ ಗಚ್ಚು ಬೇಗ ಬಿಗಿಯುತ್ತಿರಲಿಲ್ಲ. ಒಂದು ಬದಿಯ ಗಲ್ಲ ಕೂಡಿಸಿ ಎದ್ದರೆ ಮರುದಿನ ಅದು ಒಳಗೆ ಕುಸಿದು ಮುದುಕಿಯ ಗಲ್ಲವಾಗಿರುತ್ತಿತ್ತು. ಅದನ್ನು ಕೆತ್ತಿ, ತಳಕ್ಕೆ ಕಲ್ಲಿನ ಕಡಿ ಬಡಿದು ಗಟ್ಟಿಮಾಡಿ ಮತ್ತೆ ಶುರು ಮಾಡಿದೆ.

ಸಾವಕಾರರ ಹೆಂಡತಿ, ನನ್ನ ಬಾಯಲ್ಲಿ ಅವ್ವ, ಒಳಬಾಗಿಲ ಹತ್ತಿರ ಮೊರ ಹಿಡಿದು ಕೂರುತ್ತಿದ್ದರು. ಗಂಡ ಅಡ್ಡೆಯಲ್ಲಿರುವ ಹೊತ್ತು ನೋಡಿಕೊಂಡು ಮಾತು.

"ಎಡಗಣ್ಣು ಒಂದೀಟು ಸಣ್ಣದ್ರಿ. ಫೋಟೋದಾಗ ಸಮಾ ಕಾಣತಿತ್ತು, ಖರೇ ಅಂದ್ರ ಸಣ್ಣದು."

ಇನ್ನೊಂದು ದಿನ: "ತುಟಿ ಹಂಗ ಬಿಗಿ ಮಾಡಬ್ಯಾಡ್ರಿ. ಆಕಿ ಬಾಯಿ ಮುಚ್ಚಿ ಕುಂತಿದ್ದ ನಾ ನೋಡೇ ಇಲ್ಲ."

ಗದ್ದದ ಹತ್ತಿರ ಬಂದಾಗ ಅವರು ಮೊರ ಕೆಳಗಿಟ್ಟರು. "ಇಲ್ಲೊಂದು ಕಲೆ ಐತ್ರಿ. ಮೊದಲ ಸಲ ತಿರಗಿ ಬಂದಾಗ ಇತ್ತು. ಫೋಟೋದಾಗ ಇದ್ದಿಲ್ಲ, ಫೋಟೋ ಲಗ್ನದಕಿಂತ ಮೊದಲಿಂದು."

"ಹಾಕಲೇನ್ರಿ?"

"ಹಾಕ್ರಿ. ಆ ಕಲೆ ಬಿದ್ದ ಮ್ಯಾಲೂ ಆಕಿನ್ನ ಚಕ್ಕಡ್ಯಾಗ ಕುಂದ್ರಿಸಿದವರು ನಾವ."

ಕಂದು ಭರಣಿಯ ಉಗುರಿನಷ್ಟು ಚೂರನ್ನು ಓರೆಯಾಗಿ ಇಟ್ಟೆ. ನನ್ನ ಕೈಯಿಂದ ಅಂಥ ಮುಖ ಮತ್ತೆ ಬರಲಿಲ್ಲ.

ವಾಸ್ತುಶಾಂತಿಯ ದಿನ ಊರಿನ ದೊಡ್ಡವರೆಲ್ಲ ಸೇರಿದ್ದರು. ಸಾವಕಾರರು ಹೆಂಡತಿಯ ಕೈಗೆ ಕಲಶ ಕೊಟ್ಟು, "ಮನಿ ಒಡತಿ ಮೊದಲ," ಎಂದರು. ಅವ್ವ ಹೊಸ್ತಿಲ ಮೇಲೆ ನಿಂತರು. ಬದಿಗೆ ಸರಿದು ಹೋಗಲು ಜಾಗವಿರಲಿಲ್ಲ. ಎರಡೂ ಕಡೆ ಸಾವಕಾರರು ಕಾಳಿನ ಚೀಲ ಪೇರಿಸಿದ್ದರು, ಶುಭಕ್ಕೆ ಅಂತ. ಪುರೋಹಿತರ ಮಂತ್ರ ನಡೆದೇ ಇತ್ತು. ಅವ್ವ ಬಲಗಾಲನ್ನು ಮುಖದ ಹಣೆಯ ಮೇಲಿಟ್ಟು, ಎಡಗಾಲನ್ನು ಗಲ್ಲದ ಮೇಲಿಟ್ಟು ಒಳಗೆ ಬಂದರು. ಕಲಶದ ನೀರು ಅಲುಗಲಿಲ್ಲ. ಹಿಂದೆ ಬಂದ ಹೆಂಗಸರಲ್ಲಿ ಕೆಲವರು ಜಿಗಿದು ದಾಟಿದರು. ಸಾವಕಾರರು ಅವರನ್ನು ಹೊರಗೆ ಕರೆದು, "ಸಾವಕಾಶ ಬರ್ರಿ, ನೆಲಾ ಗಟ್ಟಿ ಐತಿ," ಎಂದು ಮತ್ತೆ ನಡೆಸಿದರು.

ಅಂದಿನಿಂದ ಅವ್ವ ದಿನಾ ಬೆಳಿಗ್ಗೆ ಅಲ್ಲಿ ಕೂತು ಒದ್ದೆ ಬಟ್ಟೆಯಿಂದ ನೆಲ ಒರೆಸುತ್ತಿದ್ದರು. ಉಳಿದ ನೆಲವನ್ನು ಆಳು ಒರೆಸುತ್ತಿದ್ದಳು, ಅದೊಂದು ಮಾತ್ರ ಅವರು. ಹಿತ್ತಲಲ್ಲಿ ತುಳಸಿಕಟ್ಟೆಯ ಕೆಲಸ ನನಗೆ ಉಳಿದಿತ್ತು. ಅದಕ್ಕೆ ಹಸಿರು ಪಿಂಗಾಣಿ ತರಲು ಬೆಳಗಾವಿಗೆ ಹೊರಟಾಗ ಸಾವಕಾರರು ತೂಗುಮಣೆಯ ಮೇಲಿಂದಲೇ ಹೇಳಿದರು:

"ಆ ಸಾಲಿಗೆ ಹೋಗಿ ನನ್ನ ಮಗಳಿಗೆ ಹೇಳ್ರಿ. ನಿಮ್ಮವ್ವ ಹಾಸಿಗಿ ಹಿಡದಾಳ, ನಿನ್ನ ನೋಡಬೇಕಂತಾಳ, ಅಪ್ಪ ಎಲ್ಲಾ ಮರತಾನ, ಐತವಾರ ಮನಿಗೆ ಬಾ ಅಂತ."

ಅವರು ಇದನ್ನು ಹೇಳುವಾಗ ಅವ್ವ ಅಂಗಳದ ಆಚೆ ತುದಿಯಲ್ಲಿ ಹಪ್ಪಳ ಒಣಹಾಕುತ್ತಿದ್ದದ್ದು ನನಗೆ ಕಾಣುತ್ತಿತ್ತು.

ನಾನು ಹೇಳದಿದ್ದರೆ ಬೇರೆಯವರ ಕೈಲಿ ಹೇಳಿಸುತ್ತಿದ್ದರು. ಹೋದೆ. ಸಾಲೆಯ ಅಂಗಳದಲ್ಲಿ ಮೇಲ್ವಿಚಾರಕಿ ಬಾಯಿಯವರು ದೂರ ಕೂತು ನಮ್ಮನ್ನು ನೋಡುತ್ತಿದ್ದರು. ಹುಡುಗಿ ಬಂದು ನಿಂತಳು. ಎಂದೂ ಕಾಣದವಳಾದರೂ, ಜನರ ನಡುವೆ ನಿಂತಿದ್ದರೂ ಗುರುತು ಹಿಡಿಯುತ್ತಿದ್ದೆ. ಅಪ್ಪ ಹೇಳಿಕಳಿಸಿದ ಮಾತನ್ನೂ ಹೇಳಿದೆ, ಅದು ಸುಳ್ಳೆಂದೂ ಹೇಳಿದೆ. ಹೊಸ್ತಿಲ ಮುಂದೆ ಏನಿದೆ, ಅದನ್ನು ಮಾಡಿದವನು ನಾನು, ಯಾರ ಮಾತು ಕೇಳಿ ಮಾಡಿದೆ, ಒಂದನ್ನೂ ಬಿಡಲಿಲ್ಲ.

ಅವಳು ಬೆರಳಿನ ಸೀಮೆಸುಣ್ಣವನ್ನು ಸೆರಗಿಗೆ ಒರೆಸಿಕೊಂಡಳು. "ಅವ್ವ ಹೆಂಗದಾಳ್ರಿ?"

"ಆರಾಮ ಅದಾರ."

"ನಾ ಬಂದ್ರ ಆಕಿನ್ನ ನೋಡಾಕ ಬಿಡತಾರೇನು?"

"ಹೇಳಾಕ ಬರೂದಿಲ್ಲವ್ವಾ. ಬರಬ್ಯಾಡ ಅನ್ನಾಕ ನಾ ಬಂದೀನಿ."

"ತುಳಸಕೊಳ್ಳೂದು ನನಗ ಹೊಸಾದಲ್ರಿ," ಎಂದಳು. ಕಣ್ಣಲ್ಲಿ ನೀರಿರಲಿಲ್ಲ. "ಒಂದ ಸಲ ಅವ್ವನ ಮಾರಿ ಕಂಡ್ರ ಸಾಕು. ಐತವಾರ ಮುಂಜಾನಿ ಗಾಡಿಗೆ ಬರತೀನಿ."

ಅವಳು ಬರುತ್ತಾಳೆಂದು ತಿಳಿದ ಮೇಲೆ ಸಾವಕಾರರು ಮನೆ ಬಿಟ್ಟು ಕದಲಲಿಲ್ಲ, ಅವ್ವನಿಗೆ ಸುದ್ದಿ ಮುಟ್ಟಿಸಲು ನನಗೆ ಆಗಲಿಲ್ಲ. ಭಾನುವಾರ ಅವರು ನಾಲ್ಕಾರು ಹಿರಿಯರನ್ನು ಕರೆಸಿ ಪಡಸಾಲೆಯಲ್ಲಿ ಕೂರಿಸಿದ್ದರು. ಹಿತ್ತಲ ಬಾಗಿಲಿಗೆ ಬೀಗ ಬಿದ್ದಿತ್ತು. ಹೀಗಾಗಿ ನಾನೂ ತುಳಸಿಕಟ್ಟೆಯ ಕಡೆ ಹೋಗಲಾಗದೆ ಅಂಗಳದಲ್ಲೇ ನಿಂತಿದ್ದೆ. ಹುಡುಗಿ ಸ್ಟೇಷನ್ನಿನಿಂದ ನಡೆದು ಬಂದಳು. ಚಪ್ಪಲಿ ಕಳಚಿ ಮೆಟ್ಟಿಲು ಹತ್ತಿ, ಹೊಸ್ತಿಲ ಮೇಲೆ ನಿಂತು ಕೆಳಗೆ ನೋಡಿದಳು.

"ಬಾ ಒಳಗ," ಎಂದರು ಸಾವಕಾರರು. ದನಿ ಎಂದಿನಂತೆ ಮೆಲ್ಲಗೆ ಇತ್ತು. "ಬಾಗಲಾ ತೆರದೈತಿ."

ಅವಳು ಎರಡೂ ಕಾಲನ್ನು ಆ ಮುಖದ ನಡುಮಧ್ಯೆ ಇಟ್ಟು ದಾಟಿದಳು. ಯಾರ ಕಡೆಯೂ ನೋಡದೆ ನೇರ ಅಡುಗೆಮನೆಗೆ ಹೋದಳು. "ಅವ್ವಾ" ಎಂದು ಕೂಗಿದ್ದು ಅಂಗಳದವರೆಗೆ ಕೇಳಿತು. ಮತ್ತೆ ನಡುಮನೆಯಿಂದ, ಮತ್ತೆ ಅಟ್ಟದ ಮೆಟ್ಟಿಲಿನಿಂದ. ಒಂದೊಂದೇ ಬಾಗಿಲು ತೆರೆಯುವ ಸದ್ದು. ಹೊಸ ಮನೆ, ಎಲ್ಲಿ ಏನಿದೆಯೆಂಬುದೂ ಅವಳಿಗೆ ಗೊತ್ತಿರಲಿಲ್ಲ. ಸಾವಕಾರರು ಎಲೆಗೆ ಸುಣ್ಣ ಹಚ್ಚುತ್ತ ಕಾದರು. ಅವಳು ತಿರುಗಿ ಪಡಸಾಲೆಗೆ ಬಂದ ಮೇಲೆ ಹೇಳಿದರು:

"ನಿಮ್ಮವ್ವನ್ನ ಮುಂಜಾನೆ ನಂದಗಡಕ್ಕ, ಆಕಿ ತವರಿಗೆ ಕಳಿಸೀನಿ. ನೀ ಬರೂದು ಆಕಿಗೆ ಗೊತ್ತಿಲ್ಲ." ಆಮೇಲೆ ಹಿರಿಯರ ಕಡೆ ತಿರುಗಿದರು. "ಎಲ್ಲಾರೂ ನೋಡಿದ್ರಲ್ಲ? ತನ್ನ ಮಾರಿ ತಾನ ತುಳದು ಬಂದ್ಲು. ಮಾನಾ ಇದ್ದವರು ತುಳೀತಾರೇನು? ಮಗಳನ್ನ ಯಾಕ ಬಿಟ್ಟಿ ಅಂತ ಇನ್ನ ಯಾರೂ ನನಗ ಕೇಳಬ್ಯಾಡ್ರಿ."

ಹಿರಿಯರಲ್ಲಿ ಒಬ್ಬರು ತಮ್ಮ ರುಮಾಲು ಸರಿಪಡಿಸಿಕೊಂಡರು. ಹುಡುಗಿ ಮತ್ತೆ ಅದೇ ನೆಲ ತುಳಿದು ಹೊರಗೆ ಬಂದು ಚಪ್ಪಲಿ ಮೆಟ್ಟಿದಳು. ನನ್ನ ಹತ್ತಿರ ಬಂದಾಗ ಮಾತ್ರ, "ಅವ್ವ ಬಂದ ಮ್ಯಾಲ ನಾ ಬಂದಿದ್ದೆ ಅಂತ ಹೇಳ್ರಿ," ಅಂದಳು.

ಹಿರಿಯರು ಹೋದ ಮೇಲೆ ಸಾವಕಾರರು ನನ್ನನ್ನು ಕರೆದರು. "ಮೇಸ್ತ್ರಿ, ಇದನ್ನ ಕಿತ್ತ ಒಗೀರಿ. ಇದರ ಕೆಲಸ ಮುಗೀತು."

ನನಗೆ ಅರ್ಥವಾಗಲಿಲ್ಲ.

"ನನ್ನ ಹೇಂತಿ ದಿನಾ ಅಲ್ಲೆ ಕುಂತು ತಿಕ್ಕೂದು ನನಗ ಕಾಣೂದಿಲ್ಲ ಅಂತ ತಿಳಕೊಂಡಾಳ," ಎಂದರು. "ಆಕಿ ಬರೂದ್ರಾಗ ನೆಲಾ ಸಾಪಾಗಬೇಕು."

"ನನ್ನ ಕೈಲೆ ಆಗೂದಿಲ್ರಿ," ಅಂದೆ. ಅವರು ಸಿಟ್ಟಾಗಲಿಲ್ಲ. ಅಡ್ಡೆಯಿಂದ ದಿಮ್ಮಿ ಹೊರುವ ಇಬ್ಬರನ್ನು ಕರೆಸಿದರು. ಹಾರೆಯ ಮೊದಲ ಪೆಟ್ಟು ಹಣೆಗೆ ಬಿತ್ತು. ತಳಕ್ಕೆ ನಾನು ಬಡಿದಿದ್ದ ಕಡಿ ಗಟ್ಟಿಯಾಗಿತ್ತು, ಸುಲಭಕ್ಕೆ ಏಳಲಿಲ್ಲ. ಹೊತ್ತು ಹಿಡಿಯಿತು. ಕಿತ್ತದ್ದನ್ನೆಲ್ಲ ಬುಟ್ಟಿಯಲ್ಲಿ ತುಂಬಿ, ಬಂಡಿಗಳು ತಿರುಗುವ ಕಡೆ ರಾಡಿಯ ಗುಂಡಿಗೆ ಸುರುವಿದರು. ಗವಂಡಿ ಮೇಲೆ ಬರೀ ಗಚ್ಚು ಬಳಿದ.

ಹೊತ್ತು ಇಳಿಯುವಾಗ ಅವ್ವನ ಚಕ್ಕಡಿ ಬಂತು. ತವರಿನವರು ಕೊಟ್ಟ ಗಂಟು ಹಿಡಿದು ಇಳಿದು, ಮೆಟ್ಟಿಲು ಹತ್ತಿ, ಹಸಿ ಗಚ್ಚಿನ ಮುಂದೆ ನಿಂತರು. ಸಾವಕಾರರು ತೂಗುಮಣೆಯ ಮೇಲಿದ್ದರು. ಅವ್ವ ಅವರನ್ನು ಕೇಳಲಿಲ್ಲ. ಅಂಗಳದಲ್ಲಿದ್ದ ನನ್ನ ಕಡೆ ತಿರುಗಿ, ಎಲ್ಲರ ಎದುರಿಗೆ, ಮೊದಲ ಸಲ ನನ್ನ ಮುಖ ನೋಡಿ ಕೇಳಿದರು.

"ಏನಾತ್ರಿ?"

"ನಿಮ್ಮ ಮಗಳು ಬಂದಿದ್ರು ಅವ್ವಾರ. ಸಾವಕಾರ್ರು ಕರಸಿದ್ರು."

"ಒಳಗ ಬಂದ್ಲೇನು?"

"ಬಂದ್ರು."

"ಅದರ ಮ್ಯಾಲ ಕಾಲಿಟ್ಟು?"

"ಹೌದ್ರಿ. ಮನಿ ತುಂಬ ನಿಮ್ಮನ್ನ ಹುಡಿಕಿದ್ರು."

ಅವ್ವ ತವರಿನ ಗಂಟನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. ಆಮೇಲೆ ಯಾರಿಗೋ ಮನೆಗೆಲಸ ಹೇಳುವ ದನಿಯಲ್ಲಿ, "ಚಲೋ ಆತು. ಇನ್ನ ಆಕಿ ಮಾರಿ ನೋಡಾಕ ನಾ ಈ ಮನ್ಯಾಗ ಇರೂದು ಬ್ಯಾಡ," ಎಂದರು. ಮೆಟ್ಟಿಲಿಳಿದು ಚಕ್ಕಡಿಯವನಿಗೆ, "ಎತ್ತು ಬಿಚ್ಚಬ್ಯಾಡೋ. ಸ್ಟೇಶನ್ನಿಗೆ ನಡಿ," ಎಂದರು.

ಚಕ್ಕಡಿಯವನು ಹೆದರಿ ಮಾಲಕರ ಕಡೆ ನೋಡಿದ. ಸಾವಕಾರರು ನಕ್ಕರು. "ಹೋಗ್ಲಿ ಬಿಡು. ಎಲ್ಲಿಗೆ ಹೋಗತಾಳ? ಹಸಿವಾದ್ರ ತಿರಗಿ ಬರತಾಳ."

ನಾನು ಪೆಟ್ಟಿಗೆ ಎತ್ತಿಕೊಂಡು ಚಕ್ಕಡಿಯ ಹಿಂದೆ ನಡೆದೆ. ತುಳಸಿಕಟ್ಟೆ ಅರ್ಧಕ್ಕೇ ಉಳಿಯಿತು.

ಬೆಳಗಾವಿಯಲ್ಲಿ ಸುಲಭವಿರಲಿಲ್ಲ. ಸಾಲೆಯವರು ತಾಯಿಯನ್ನು ಒಳಗೆ ಇಟ್ಟುಕೊಳ್ಳಲು ಒಪ್ಪಲಿಲ್ಲ. ತಾಯಿಯ ಜೊತೆ ಹೊರಗೆ ಇರುವುದಾದರೆ ಕಲಿಯುವುದು ಬೇಡ ಎಂದು ಮಗಳಿಗೂ ಹೇಳಿದರು. ಅವಳು ಬಹಳ ಬೇಡಿಕೊಂಡ ಮೇಲೆ ಪರೀಕ್ಷೆಗೆ ಕೂರಲು ಬಿಟ್ಟರು. ನನ್ನ ಓಣಿಯಲ್ಲೇ ಒಂದು ಕೋಣೆ ಸಿಕ್ಕಿತು, ಮಳೆಗೆ ಸೋರುವಂಥದು. ಸಾವಕಾರರ ಹೆಂಡತಿ ನೇಕಾರರಿಗೆ ಲಾಳಿಯ ನೂಲಿನ ಕಂಡಿಕೆ ಸುತ್ತಲು ಕಲಿತರು. ಮೊದಮೊದಲು ನೂಲು ಬೆರಳು ಕೊಯ್ಯುತ್ತಿತ್ತು. ಗಾಯಕ್ಕೆ ಅರಿಶಿನ ಹಚ್ಚಿಕೊಂಡು ಸುತ್ತುತ್ತಿದ್ದರು. ಊರಿನವರಲ್ಲಿ ಯಾರೂ ಆ ಬಾಗಿಲಿಗೆ ಬರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಖಾನಾಪುರದ ಗವಂಡಿ ಕೆಲಸ ಹುಡುಕಿಕೊಂಡು ನನ್ನ ಹತ್ತಿರ ಬಂದಾಗ ಒಂದು ಸುದ್ದಿ ತಂದ. ಹೆಂಡತಿ ತವರಿನಲ್ಲಿ ಜ್ವರ ಬಂದು ಸತ್ತಳೆಂದು ಸಾವಕಾರರು ಊರಿಗೆಲ್ಲ ಹೇಳಿ, ತಿಥಿ ಮಾಡಿ, ಊಟ ಹಾಕಿಸಿದ್ದರಂತೆ. ಮುಚ್ಚಿಡುವುದು ನನ್ನಿಂದಾಗಲಿಲ್ಲ. ಹೋಗಿ ಹೇಳಿದೆ. ಅವ್ವ ರಾಟೆಯ ಮುಂದೆ ಕೂತಿದ್ದರು. ಕೈ ನಿಲ್ಲಲಿಲ್ಲ.

"ಊಟಕ್ಕ ಏನ ಮಾಡಸಿದ್ರಂತ?" ಎಂದು ಕೇಳಿದರು.

"ಹೋಳಿಗಿ ಅಂತ್ರಿ. ನಿಮಗ ಭಾಳ ಸೇರತಿತ್ತು ಅಂತ ಹೇಳಿ ಎಲ್ಲಾರಿಗೂ ಎರಡೆರಡು ಬಡಿಸಿದ್ರಂತ."

ಅವ್ವ ತುಂಡಾದ ಎಳೆಯನ್ನು ಹುಡುಕಿ, ತುದಿ ಹೊಸೆದು, ಗಂಟು ಹಾಕಿದರು.

"ನನಗ ಹೋಳಿಗಿ ಸೇರೂದಿಲ್ಲ," ಎಂದರು.